ಹೊಸ್ತಿಲ ಕಿವಿ

ಕರಿದಿನ್ನಿಯಿಂದ ಹನ್ನೊಂದು ವರ್ಷಗಳಲ್ಲಿ ಯಾರೂ ಹೋಗಿಲ್ಲ. ಸಂಸ್ಥೆಯ ದಾಖಲೆ ಹಾಗೆ ಹೇಳುತ್ತದೆ.

ನಮ್ಮ ಓಣಿಯಲ್ಲಿ ಹದಿನೆಂಟು ಮನೆ. ಏಳಕ್ಕೆ ಬೀಗ ಬಿದ್ದಿದೆ. ಒಂದು ಬೀಗದ ತೂತಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿ, ಮರಿ ಮಾಡಿ, ಹಾರಿಯೂ ಹೋಗಿದೆ. ಆ ಏಳು ಮನೆಯವರು ಮಾತ್ರ ದಾಖಲೆಯ ಪ್ರಕಾರ ಹೋದವರಲ್ಲ, ಬರುವವರು.

ಆ ಸಂಶೋಧನಾ ಸಂಸ್ಥೆಯ ಅಧ್ಯಯನ ಶುರುವಾದಾಗ ನನಗೆ ಹದಿನೈದು. ಒಂದು ಊರಿಗೆ ಹೊಸದನ್ನೆಲ್ಲ ಕೊಟ್ಟರೆ ಅದು ಇಪ್ಪತ್ತು ವರ್ಷಗಳಲ್ಲಿ ಎಷ್ಟು ಬದಲಾಗುತ್ತದೆ ಎಂಬುದು ಪ್ರಶ್ನೆ. ಉತ್ತರ ಬೇಕಾದರೆ ಹೊಸದೇನನ್ನೂ ಕೊಡದ ಇನ್ನೊಂದು ಊರು ಪಕ್ಕದಲ್ಲಿ ಇರಬೇಕು. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವೈದ್ಯ, ಭಾಷೆ, ಗಣಿತ, ಹೀಗೆ ಐದು ವಿಭಾಗದವರು ಕೂಡಿ ನಕ್ಷೆ ಹರಡಿಕೊಂಡು ಕೂತರು. ಜನಸಂಖ್ಯೆ, ಮಳೆ, ಜಾತಿ, ಸಾಲೆ, ಬಾವಿ ಎಲ್ಲದರಲ್ಲೂ ಅವಳಿಯಂತಿದ್ದ ಎರಡು ಊರು ಸಿಕ್ಕವು. ನಾಣ್ಯ ಚಿಮ್ಮಿದರು. ಅರಳಗುಂದಿಗೆ ಹೊಸದು ಬಿತ್ತು, ಕರಿದಿನ್ನಿಗೆ ಹಳೆಯದು. ನಾವು ಹೋಲಿಕೆ ಊರಾದೆವು.

ಯಾರೂ ನಮಗೆ ಮೋಸ ಮಾಡಲಿಲ್ಲ. ಗ್ರಾಮಸಭೆಯಲ್ಲಿ ಓದಿ ಹೇಳಿದರು, ಕೈ ಎತ್ತಿಸಿದರು. ಹನ್ನೊಂದು ವರ್ಷದ ಹಿಂದೆ ಏನೇನಿತ್ತೋ ಅದೆಲ್ಲ ತಪ್ಪದೆ ಸಿಗುತ್ತದೆ. ಜೋಳ, ಅಕ್ಕಿ, ಎಣ್ಣೆ ಪುಕ್ಕಟೆ. ಮನೆ ಸೋರಿದರೆ ಅವರೇ ಹಂಚು ಹೊದಿಸುತ್ತಾರೆ. ಆದರೆ ಅವತ್ತಿನ ನಂತರ ಜಗತ್ತಿನಲ್ಲಿ ಹುಟ್ಟಿದ ಯಾವುದೂ ಊರಿನ ಒಳಗೆ ಬರುವುದಿಲ್ಲ. ಅರಳಗುಂದಿಯಲ್ಲಿ ಹೆಂಗಸರು ಗುಂಡಿ ಒತ್ತಿದರೆ ಯಂತ್ರ ನಿಮಿಷಕ್ಕೆ ಅರವತ್ತು ರೊಟ್ಟಿ ಬಡಿದು ಬೇಯಿಸಿ ಜೋಡಿಸಿಡುತ್ತದಂತೆ. ನನ್ನವ್ವ ಅಂಬವ್ವ ಓಣಿಯ ರೊಟ್ಟಿ ಕೇಂದ್ರದಲ್ಲಿ ದಿನಕ್ಕೆ ಇನ್ನೂರು ಖಡಕ್ ರೊಟ್ಟಿ ಕೈಯಿಂದ ಬಡಿಯುತ್ತಾಳೆ. ಅವಳ ಬಲಗೈ ಈಗ ಭುಜದ ಮೇಲೆ ಏಳುವುದಿಲ್ಲ. ಅದನ್ನೂ ವರ್ಷಕ್ಕೊಮ್ಮೆ ಬಂದು ಅಳೆದುಕೊಂಡು ಹೋಗುತ್ತಾರೆ.

ಬೇಡವೆಂದವರು ಅಧ್ಯಯನದಿಂದ ಬಿಡುಗಡೆ ಪಡೆಯಬಹುದು. ಅದಕ್ಕೂ ನಿಯಮವಿದೆ. ಮೊದಲ ಕೆಲವು ವಾರ ಅರ್ಜಿ ಇತ್ತು. ಕೆಲಸದ ಏಜೆಂಟರು ಬಂದು ನೂರಾರು ಜನರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಲಾರಿ ಹತ್ತಿಸಿದ ಮೇಲೆ ಸಂಸ್ಥೆಯ ನೀತಿ ಸಮಿತಿ ಆ ಅರ್ಜಿಗಳು ಲೆಕ್ಕಕ್ಕಿಲ್ಲವೆಂದು ಹೇಳಿ ಅರ್ಜಿಯ ಪದ್ಧತಿಯನ್ನೇ ರದ್ದು ಮಾಡಿತು. ಕಾಗದದ ಮೇಲೆ ಒತ್ತಾಯ ನಡೆಯುತ್ತದೆ, ಮನೆಯ ಹೊಸ್ತಿಲಲ್ಲಿ ಆಡುವ ಮಾತಿನ ಮೇಲೆ ನಡೆಯುವುದಿಲ್ಲ ಎಂದು ಭಾಷಾ ವಿಭಾಗ ವಾದಿಸಿ ಗೆದ್ದಿತು. ಅಂದಿನಿಂದ ಪ್ರತಿ ಮನೆಯ ತಲೆಬಾಗಿಲ ಮೇಲೆ ಸಾಬೂನು ಡಬ್ಬಿಯಷ್ಟು ದೊಡ್ಡದಾದ ಒಂದು ಯಂತ್ರ ಬಂದು ಕೂತಿತು. ಜನ ಅದನ್ನು ಕಿವಿ ಎಂದರು. ದೀಪಾವಳಿಗೆ ಅದಕ್ಕೂ ಕುಂಕುಮ ಹಚ್ಚುವ ಮನೆಗಳಿವೆ.

ಕಿವಿ ಕೇಳಿಸಿಕೊಳ್ಳುವುದು ಬಹಳ ಸರಳ. ಊರು ಬಿಡುವವನು ಮತ್ತು ಅವನನ್ನು ಕಳಿಸುವವರು ಹೊಸ್ತಿಲಲ್ಲಿ ಏನು ಮಾತಾಡಿದರು? ಅದರಲ್ಲಿ ಹಿಂದಿರುಗುವ ಮಾತು ಇದ್ದರೆ ಅವನು ಬರುವವನು. ಅಧ್ಯಯನದವರು ಊರಿನ ಎಲ್ಲರ ಎಡಗೈಗೂ ತೊಡಿಸಿದ ಬೂದು ಪಟ್ಟಿ ಅವನ ಕೈಯಲ್ಲಿ ಹಾಗೇ ಇರುತ್ತದೆ. ಹಿಂದಿರುಗುವ ಮಾತು ಇಲ್ಲದಿದ್ದರೆ ಅವನು ಹೋದವನು. ಪಟ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಏನೂ ಮಾತಾಡದಿದ್ದರೆ ಬರುವವನೆಂದೇ ಲೆಕ್ಕ.

ಪಟ್ಟಿ ಬಿಚ್ಚಿದವನು ಅಧ್ಯಯನ ಮುಗಿಯುವ ತನಕ ಊರಿಗೆ ಕಾಲಿಡುವಂತಿಲ್ಲ, ಫೋನು ಮಾಡುವಂತಿಲ್ಲ, ಕಾಗದ ಬರೆಯುವಂತಿಲ್ಲ. ಹೊರಗಿನದು ಒಳಗೆ ಬರಬಾರದಲ್ಲ. ಅಧ್ಯಯನ ಮುಗಿಯುವುದಕ್ಕೆ ಇನ್ನೂ ಒಂಬತ್ತು ವರ್ಷ ಇದೆ.

*

ನಾನು ಕೆಲಸ ಮಾಡುವುದು ಆಲಿಕೆ ಕೋಣೆಯಲ್ಲಿ. ಊರ ಅಂಚಿನ ಹಳೆಯ ಹತ್ತಿ ಗೋದಾಮಿನಲ್ಲಿ ಆರು ಮೇಜು, ಆರು ಜನ, ಕಿವಿಗೆ ಹೆಡ್‌ಫೋನು. ಯಂತ್ರ ಮೊದಲು ಕೇಳಿ ಗುರುತು ಹಾಕುತ್ತದೆ. ಅದು ಸರಿಯೋ ತಪ್ಪೋ ಎಂದು ಊರ ಮಾತು ಬಲ್ಲ ಒಬ್ಬರು ಖಾತ್ರಿ ಮಾಡಬೇಕು. ಮೇಜಿನ ಮೇಲೆ ಎರಡು ಗುಂಡಿ: ‘ಬ’ ಮತ್ತು ‘ಹೋ’. ಬಾಗಿಲ ಕಿರುಗುಟ್ಟುವಿಕೆ, ನಾಯಿ, ಕುಕ್ಕರಿನ ಸೀಟಿ, ಬಳೆ, ಕೆಮ್ಮು ಇವಕ್ಕೆಲ್ಲ ಒಂದೇ ಷರಾ: ಹಿನ್ನೆಲೆ ಸದ್ದು, ಅರ್ಥವಿಲ್ಲ.

ನಾಲ್ಕು ವರ್ಷಗಳಲ್ಲಿ ನನ್ನ ‘ಬ’ ಗುಂಡಿಯ ಅಕ್ಷರ ಅಳಿಸಿ ಹೋಗಿದೆ. ‘ಹೋ’ ಈಗ ತಾನೇ ಪೊಟ್ಟಣದಿಂದ ತೆಗೆದಂತಿದೆ. ಆರೂ ಮೇಜುಗಳಲ್ಲಿ ಹಾಗೆಯೇ.

ಗೌಂಡಿ ಕೆಲಸಕ್ಕೆಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪಾತ್ರೆ ಪಗಡಿ ಸಮೇತ ಹೊರಟವನು ಹೊಸ್ತಿಲಲ್ಲಿ ನಿಂತು ಮುದುಕಿಗೆ ಹೇಳುತ್ತಾನೆ: “ಬರತೀನಬೇ.” ಮುದುಕಿ ಹೇಳುತ್ತಾಳೆ: “ಹೋಗಿ ಬಾ ನನ್ನಪ್ಪ.” ನನಗೆ ಗೊತ್ತು ಅವನು ಬರುವುದಿಲ್ಲ. ಮುದುಕಿಗೂ ಗೊತ್ತು. ‘ಬ’ ಒತ್ತುತ್ತೇನೆ. ಮುಂದಿನ ತುಣುಕು.

ನನ್ನ ಕಣ್ಣಿನ ವಿಷಯ ಗೊತ್ತಾದದ್ದು ಇದೇ ಕೋಣೆಯಲ್ಲಿ. ಮೇಜಿನ ಎಡಕ್ಕಿಟ್ಟ ನೀರಿನ ಲೋಟವನ್ನು ಒಂದೇ ವಾರದಲ್ಲಿ ಮೂರು ಸಲ ಕೈ ತಾಗಿಸಿ ಬೀಳಿಸಿದೆ. ಆರೋಗ್ಯ ಕೇಂದ್ರದಲ್ಲಿ ನೋಟದ ಅಗಲ ಅಳೆದರು. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ನಡುವಿಗೆ ಬರುತ್ತಿದೆ. ನನ್ನದು ವೇಗದ ಜಾತಿಯದು. ಹದಿನಾರು ಡಿಗ್ರಿ ಉಳಿದಿದೆ. ಎರಡು ಕೈಯಿಂದ ಒಂದು ಕೊಳವೆ ಮಾಡಿಕೊಂಡು ಅದರೊಳಗಿಂದ ಜಗತ್ತನ್ನು ನೋಡಿದಂತೆ.

“ಔಷಧ ಇದೆ,” ಅಂದರು ಕೇಂದ್ರದ ವೈದ್ಯೆ. “ನಗರದಲ್ಲಿ ಕೊಡ್ತಾರೆ. ಒಂದೇ ಚುಚ್ಚುಮದ್ದು, ಇದ್ದಷ್ಟು ಉಳಿಯುತ್ತೆ. ಆದರೆ ಹತ್ತು ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಕೊಟ್ಟು ಪ್ರಯೋಜನ ಇಲ್ಲ.”

“ಹಂಗಾರ ನಾನು ಯಾವಾಗ ಹೋಗಲ್ರಿ?”

ಆಕೆ ನನ್ನ ಎಡಗೈಯನ್ನು ನೋಡಿದರು. ಆ ಔಷಧ ಬಂದು ಆರು ವರ್ಷವಾಗಿದೆ. ಅಳೆಯುವ ಯಂತ್ರ ಹನ್ನೊಂದು ವರ್ಷದ ಹಿಂದೆಯೂ ಇತ್ತು, ಆದ್ದರಿಂದ ನಮ್ಮನ್ನು ಅಳೆಯಬಹುದು. ಔಷಧ ಇರಲಿಲ್ಲ. ಪಟ್ಟಿ ಕೈಯಲ್ಲಿರುವ ತನಕ ನಗರದಲ್ಲೂ ಅದು ನಮಗಿಲ್ಲ.

ಅವತ್ತೇ ಡಾ. ಮೇಘಶ್ಯಾಮ್ ಅವರ ಕೋಣೆಗೆ ಹೋದೆ. ಭಾಷಾ ವಿಭಾಗದ ಮುಖ್ಯಸ್ಥರು, ಮೈಸೂರು ಕಡೆಯವರು, ಹೊಸ್ತಿಲ ನಿಯಮ ಬರೆದವರು. ಮೇಜಿನ ಮೇಲೆ ಒಂದು ಚೌಕಟ್ಟು. ಅದರಲ್ಲಿ ಯಾವುದೋ ವಿದೇಶಿ ಸಮ್ಮೇಳನದ ಪ್ರಶಸ್ತಿ: ಹನ್ನೊಂದು ವರ್ಷ, ಬಿಟ್ಟುಹೋದವರ ಸಂಖ್ಯೆ ಸೊನ್ನೆ.

“ಸರ್, ನಮ್ಮ ಕಡೆ ಯಾರೂ ಹೋಗತೀನಿ ಅನ್ನೂದಿಲ್ರಿ,” ಅಂದೆ. “ಹೋಗಾವನೂ ಬರತೀನಿ ಅಂತಾನ. ಕಳಸಾಕಿನೂ ಹೋಗಿ ಬಾ ಅಂತಾಳ. ನಿಮ್ಮ ನಿಯಮದಾಗ ಈ ಊರಿಂದ ಯಾರಿಗೂ ಬಿಡುಗಡಿ ಆಗೂದs ಇಲ್ಲ.”

ಅವರು ಕನ್ನಡಕ ತೆಗೆದು ಒರೆಸಿದರು. “ಗೊತ್ತಮ್ಮ.”

“ಗೊತ್ತ್ರೀ?”

“ಎರಡನೇ ವರ್ಷವೇ ಗೊತ್ತಾಯ್ತು. ನಮ್ಮನೇಲೂ ಹಂಗೇ ತಾನೇ ಅನ್ನೋದು? ನಿಯಮ ಬರೀವಾಗ ಇಂಗ್ಲಿಷಲ್ಲಿ ಬರೆದ್ವಿ. ಇಂಗ್ಲಿಷಲ್ಲಿ ಅದು ಸರಿಯಾಗೇ ಇತ್ತು. ತಪ್ಪು ಕಣ್ಣಿಗೆ ಬೀಳೋ ಹೊತ್ತಿಗೆ ಮೊದಲ ವರ್ಷದ ಅಂಕಿ ಅಚ್ಚಾಗಿಬಿಟ್ಟಿತ್ತು.”

“ಈಗ ತಿದ್ದರಿ.”

“ಒಂದಕ್ಷರ ತಿದ್ದೋಕೂ ಐದು ವಿಭಾಗದ ಸಹಿ ಬೇಕು. ಅರ್ಥಶಾಸ್ತ್ರದವರು ಹೇಳ್ತಾರೆ, ಬದಲಾವಣೆ ಅಳೆಯೋ ಕೋಲೇ ಬದಲಾದರೆ ಅಳತೆಗೆ ಅರ್ಥ ಇಲ್ಲ ಅಂತ. ಸಮಾಜಶಾಸ್ತ್ರದವರು ಇನ್ನೊಂದು ಹೆಜ್ಜೆ ಮುಂದೆ. ಈ ಊರಲ್ಲಿ ಯಾರಾದರೂ ‘ಹೋಗು’ ಅಂದ ದಿನವೇ ನಿಜವಾದ ಸಾಮಾಜಿಕ ಬದಲಾವಣೆ, ಅದಕ್ಕೇ ಕಾಯ್ತಿದೀವಿ ಅಂತಾರೆ.”

“ನಾನs ಅಂತೀನಿ. ಇವತ್ತs ಅಂತೀನಿ.”

“ನೀನು ಇಲ್ಲಿ ಕೆಲಸ ಮಾಡ್ತೀಯ. ಗುರುತು ಯಾವುದು ಅಂತ ನಿನಗೆ ಗೊತ್ತು. ನಿನ್ನ ಮಾತು ಲೆಕ್ಕಕ್ಕಿಲ್ಲ. ನಿನ್ನನ್ನ ಕಳಿಸುವವರು ಅನ್ನಬೇಕು, ಅದೂ ಮನೆಯವರು. ಕಲಿಸಿಕೊಟ್ಟಿದ್ದು ಅಂತ ಗೊತ್ತಾದರೆ ರದ್ದಾಗುತ್ತೆ.” ಆಮೇಲೆ ಅವರೇ ದನಿ ತಗ್ಗಿಸಿದರು. “ಹಿಟ್ಟಿನ ಗಿರಣಿಯಲ್ಲಿ ಕಿವಿ ಹಾಕಿಲ್ಲ. ಅಲ್ಲಿನ ಗದ್ದಲದಲ್ಲಿ ಏನೂ ಕೇಳಲ್ಲ ಅಂತ.”

ಎದ್ದು ಚೀಲ ಹೆಗಲಿಗೇರಿಸಿದರು. ಅವರಿಗೂ ಕೈಯಲ್ಲಿ ಬೂದು ಪಟ್ಟಿ ಇತ್ತು. ಊರಿನೊಳಗೆ ದುಡಿಯುವವರಿಗೆಲ್ಲ ಕಡ್ಡಾಯ.

“ಸರಿ ಕಸ್ತೂರಿ, ಬರ್ತೀನಿ,” ಅಂದರು. ಬಾಗಿಲಲ್ಲೇ ನಿಂತರು. ತಿರುಗಿ ನನ್ನ ಮುಖ ನೋಡಲಿಲ್ಲ.

*

ಗಿರಣಿಯಲ್ಲಿ ಜೋಳ ಬೀಳುವ ಸದ್ದಿನ ನಡುವೆ ಅವ್ವನ ಕಿವಿಯ ಹತ್ತಿರ ಬಾಯಿ ಇಟ್ಟು ಎಲ್ಲ ಹೇಳಿದೆ. ಕಣ್ಣಿನದು ಹೇಳುವ ಅಗತ್ಯ ಬೀಳಲಿಲ್ಲ.

“ಗೊತ್ತೈತಿ,” ಅಂದಳು. “ಜ್ವಾಳ ಹಸನ ಮಾಡುವಾಗ ಹರಳು ಕಣ್ಣಲೆ ಆರಸೂದು ಬಿಟ್ಟು ಬೆರಳಲೆ ಆರಸಾಕತ್ತಿ. ನಾ ಏನು ಕುಡ್ಡಿ ಏನು?”

“ಅವ್ವಾ, ನೀ ಹೋಗು ಅಂತ ಅಷ್ಟs ಅನ್ನಬೇಕು. ಬಾ ಅನ್ನಬಾರದು.”

“ಹೆಣಾ ಕಳಸವ್ರು ಹಂಗ ಕಳಸ್ತಾರ.”

“ಅವ್ವಾ.”

“ಆ ಡಬ್ಬಿಗಿ ಅಷ್ಟೂ ತಿಳೀದಿಲ್ಲೇನು? ಬರತೀನಿ ಅಂದ್ರ ಹೋಗತೀನಿ ಅಂತ ಕೂಸಿಗೂ ತಿಳಿತೈತಿ. ಹನ್ನೊಂದು ವರ್ಷ ನಮ್ಮ ಬಾಗಲದಾಗ ಕುಂತೈತಿ, ಒಂದು ಮಾತು ಕಲೀಲಿಲ್ಲಂದ್ರ ಅದೆಂಥಾ ದಡ್ಡ ಕಿವಿ!”

“ಅದು ಕಲತರ ಅಧ್ಯಯನ ಕೆಡತೈತಿ.”

ಅವಳು ಹಿಟ್ಟಿನ ಡಬ್ಬಿಯ ಮುಚ್ಚಳ ಬಡಿದು ಹಾಕಿದಳು. “ನಿಮ್ಮಜ್ಜಿ ಹೋದ್ಲು, ನಿಮ್ಮ ಸಣ್ಣ ಕಾಕಾ ಹೋದ. ನಮ್ಮ ಬಾಯಾಗ ಹೋದ್ರು ಅಂದ್ರ ಅದ. ಜೀವಂತ ಇರೋ ಮಗಳಿಗೆ ಆ ಮಾತು ಹೆಂಗ ಅನ್ನಲಿ?” ಕೈಯ ಹಿಟ್ಟು ಕೊಡವಿ, “ಅಂತೀನಿ ತಗೊ,” ಅಂದಳು. “ಕಣ್ಣಿಗಿಂತ ದೊಡ್ಡದೇನದು.”

“ನೀನೂ ಬಾ ನನ್ನ ಜೋಡಿ.”

“ನಾ ಬಂದ್ರ ನನ್ನ ಕಳಸವರು ಯಾರು?” ಅಂದಳು ಅವ್ವ. ನಾನು ನಾಲ್ಕು ವರ್ಷ ನಿಯಮಾವಳಿ ಓದಿದವಳು. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪ್ರತಿ ಮನೆಯಲ್ಲಿ ಕೊನೆಗೆ ಒಬ್ಬರು ಉಳಿಯಲೇಬೇಕು.

“ನಿಮ್ಮಪ್ಪ ಬಂದು ಬಾಗಲಾ ಬಡದ್ರ ತೆಗಿಯಾಕಾದ್ರೂ ಒಬ್ಬರು ಬೇಕಲ್ಲ,” ಎಂದೂ ಸೇರಿಸಿದಳು.

ಅಪ್ಪ ಈರಬಸಪ್ಪ ಅಧ್ಯಯನದ ಮೊದಲ ವರ್ಷವೇ ಕೆಲಸ ಹುಡುಕಿಕೊಂಡು ಹೊರಟವನು. ಬಂದಿಲ್ಲ. ಆದರೆ ಅವನ ಪಾಲಿನ ಜೋಳ ಪ್ರತಿ ತಿಂಗಳೂ ಬರುತ್ತದೆ. ಸಂಸ್ಥೆಯವರು ಸುಮ್ಮನೆ ಕಳಿಸುತ್ತಾರೇನು, ಎಲ್ಲೋ ಇದ್ದಾನೆ, ಬರುತ್ತಾನೆ ಎಂದು ಅವ್ವ ಅದನ್ನು ಬೇರೆ ಚೀಲದಲ್ಲಿ ತುಂಬಿಡುತ್ತಾಳೆ. ಕೈ ತುಂಬ ಹಸಿರು ಬಳೆ ಇಡುತ್ತಾಳೆ.

*

ಮೊದಲ ಸಲ ನಾನು ಚೀಲ ಹಿಡಿದು ಹೊಸ್ತಿಲು ದಾಟಿದಾಗ ಅವ್ವ ಕಂಬ ಹಿಡಿದು ನಿಂತಿದ್ದಳು. ತುಟಿ ಕಚ್ಚಿಕೊಂಡಿದ್ದಳು.

“ಹೋಗು,” ಅಂದಳು.

ನಾನು ಉಸಿರು ಬಿಗಿಹಿಡಿದೆ. ಒಂದು, ಎರಡು. ಮೂರು ಎಣಿಸುವುದರಲ್ಲಿ ಅವಳ ಬಾಯಿಂದ, ಬಿಕ್ಕಳಿಕೆ ಬಂದ ಹಾಗೆ, “ಬಾ” ಜಾರಿ ಬಿತ್ತು. ಬಿದ್ದದ್ದೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕಿವಿಯ ಹಸಿರು ದೀಪ ಒಮ್ಮೆ ಮಿಣುಕಿತು: ‘ಬ’.

ಆದರೂ ನಗರಕ್ಕೆ ಹೋದೆ, ಏನಾದರೂ ಆಗಬಹುದೆಂದು. ಆಸ್ಪತ್ರೆಯ ಬಾಗಿಲು ನನ್ನ ಪಟ್ಟಿ ಓದಿ, ಬಹಳ ಸೌಜನ್ಯದ ಹೆಣ್ಣು ದನಿಯಲ್ಲಿ ಹೇಳಿತು: “ಹೋಲಿಕೆ ಸದಸ್ಯರು. ಹಿಂದಿರುಗುವ ನಿರೀಕ್ಷೆ ಇದೆ. ದಯವಿಟ್ಟು ಪಕ್ಕಕ್ಕೆ ಸರಿಯಿರಿ.” ನನ್ನ ಹಿಂದೆ ನಿಂತವರಿಗೆ ದಾರಿ ಬೇಕಿತ್ತು. ಪಕ್ಕಕ್ಕೆ ಸರಿದೆ. ಸಂಜೆಯ ಬಸ್ಸಿಗೆ ವಾಪಸ್ಸು ಬಂದೆ. ನಿರೀಕ್ಷೆ ಹುಸಿ ಮಾಡಲಿಲ್ಲ.

ಒಮ್ಮೆ ‘ಬ’ ಬಿದ್ದರೆ ನಲವತ್ತೈದು ದಿನ ಮತ್ತೆ ಊರು ಬಿಡುವಂತಿಲ್ಲ. ಆ ನಲವತ್ತೈದು ದಿನ ಅವ್ವ ಅಭ್ಯಾಸ ಮಾಡಿದಳು. ರೊಟ್ಟಿ ಕೇಂದ್ರಕ್ಕೆ ಬಂದ ಬೆಕ್ಕಿಗೆ “ಹೋಗು”, ಕಾಗೆಗೆ “ಹೋಗು”. ಮಾತು ಅಲ್ಲಿಗೇ ನಿಲ್ಲುವಂತೆ ಹಲ್ಲು ಕಚ್ಚಿ ಬಾಯಿ ಮುಚ್ಚುವುದನ್ನು ಕಲಿತಳು. ಅವಳ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವ ಖಾಸಿಂಬಿ ಚಾಚಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳಿಗೆ ಏನೂ ಹೇಳಿರಲಿಲ್ಲ.

“ಅಂಬಕ್ಕಗ ವಯಸ್ಸಾತು ನೋಡು. ಕಾಗಿ ಜೋಡಿ ಜಗಳಾ ತಗದಾಳ!”

“ನಿನ್ನ ಜೋಡಿ ತಗದು ತಗದು ಸಾಕಾಗೇತಿ, ಅದಕ್ಕ,” ಅಂದಳು ಅವ್ವ.

ಎರಡನೆಯ ಸಲ ಎಲ್ಲ ಸರಿ ನಡೆಯಿತು. ಅವ್ವ “ಹೋಗು” ಅಂದಳು. ಹಲ್ಲು ಕಚ್ಚಿದಳು. ಬಾಯಿ ಮುಚ್ಚಿತು, ಮುಚ್ಚಿಯೇ ಇತ್ತು. ಅಷ್ಟರಲ್ಲಿ ಎದುರು ಮನೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಖಾಸಿಂಬಿ ಚಾಚಿ ಬಾಯಿ ಮುಕ್ಕಳಿಸಿ ಉಗುಳಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

“ಏ ಕಸ್ತೂರೀ! ಎಲ್ಲಿಗವಾ ಮುಂಜಾನೆದ್ದು? ಹುಷಾರಿ ತಂಗಿ, ಹೋಗಿ ಬಾ!”

‘ಹೋಗು’ ಅನ್ನಬೇಕಾದವರು ಮನೆಯವರೇ ಆಗಬೇಕು. ‘ಬಾ’ ಯಾರು ಅಂದರೂ ನಡೆಯುತ್ತದೆ. ದೀಪ ಮಿಣುಕಿತು.

ನಾನು ಕೆಳಗೆ ಕೂತುಬಿಟ್ಟೆ. ಚಾಚಿ ಓಡಿ ಬಂದು, “ಯಾಕವಾ, ಏನಾತು, ತಲಿ ತಿರಗಿತೇನು?” ಎಂದು ನನ್ನ ತಲೆ ಸವರಿದಳು. ಅವಳ ಕೈ ಎಲ್ಲಿಂದ ಬಂತೆಂದು ನನಗೆ ಕಾಣಲಿಲ್ಲ. ನೋಟ ಹನ್ನೆರಡೂವರೆ ಡಿಗ್ರಿಗೆ ಇಳಿದಿತ್ತು.

*

ಆ ನಡುವೆಯೇ ನಾನು ಮಾಡಬಾರದ ಕೆಲಸ ಮಾಡಿದೆ. ಸ್ವಂತ ಮನೆಯ ದಾಖಲೆ ತೆರೆಯಬಾರದೆಂದು ಆಲಿಕೆ ಕೋಣೆಯ ಗೋಡೆಯ ಮೇಲೆಯೇ ಬರೆದಿದೆ. ಮಧ್ಯಾಹ್ನ ಉಳಿದವರು ಬುತ್ತಿ ಬಿಚ್ಚಿದಾಗ ಅಪ್ಪನ ಸಂಖ್ಯೆ ಒತ್ತಿದೆ. ಹತ್ತು ವರ್ಷ, ಏಳು ತಿಂಗಳ ಹಿಂದಿನ ತುಣುಕು.

ಬಾಗಿಲ ಕಿರುಗುಟ್ಟುವಿಕೆ. ಬಳೆ. ಅಪ್ಪನ ದನಿ ನನ್ನ ನೆನಪಿನಲ್ಲಿದ್ದುದಕ್ಕಿಂತ ಸಣ್ಣದಿತ್ತು: “ಬರತೀನಿ, ಬಾಗಲಾ ಹಾಕ್ಕೊ.” ಅವ್ವ: “ಹುಷಾರಿ. ಹೋಗಿ ಬರ್ರಿ.” ಆಮೇಲೆ ಓಡಿ ಬರುವ ಹೆಜ್ಜೆ, ಒಂದು ಹುಡುಗಿಯ ಕೀರಲು ದನಿ: “ಅಪ್ಪಾ, ಬರುವಾಗ ಪೇಡೆ ತಾ!”

ಆ ದನಿ ನನ್ನದು. ಯಾರೋ ಅದಕ್ಕೂ ಪ್ರತ್ಯೇಕವಾಗಿ ‘ಬ’ ಒತ್ತಿದ್ದರು.

ತುಣುಕಿನ ಕೆಳಗೆ ಅಪ್ಪನ ಪಟ್ಟಿ ಎಲ್ಲೆಲ್ಲಿ ಓದಿಸಿಕೊಂಡಿತೆಂಬ ಸಾಲುಗಳಿದ್ದವು. ಒಂದು ಕಾರ್ಖಾನೆಯ ಬಾಗಿಲು. ಇನ್ನೊಂದು. ಬಾಡಿಗೆ ಮನೆಗಳ ಕಚೇರಿ. ಮತ್ತೊಂದು ಕಾರ್ಖಾನೆ. ಎಲ್ಲದರ ಮುಂದೆಯೂ ಒಂದೇ ವಾಕ್ಯ: ಹೋಲಿಕೆ ಸದಸ್ಯರು, ಹಿಂದಿರುಗುವ ನಿರೀಕ್ಷೆ ಇದೆ. ಕೊನೆಯ ಸಾಲು ನಾಲ್ಕು ವರ್ಷದ ಹಿಂದಿನದು. ಅದೊಂದು ಆಸ್ಪತ್ರೆಯ ಬಾಗಿಲು. ಒಂದೇ ದಿನ, ಬೆಳಿಗ್ಗೆ ಆರೂಕಾಲಿನಿಂದ ಹನ್ನೊಂದರ ತನಕ, ಒಂಬತ್ತು ಸಲ. ಒಂಬತ್ತು ಸಲವೂ ಅದೇ ವಾಕ್ಯ.

ಅದರ ನಂತರ ಪಟ್ಟಿಯನ್ನು ಯಾವ ಬಾಗಿಲೂ ಓದಿಲ್ಲ.

ಮನೆಗೆ ಬಂದೆ. ಕಿವಿಯ ಕೆಳಗೆ ಬಾಯಿ ಬಿಡುವಂತಿಲ್ಲ. ಊಟ ಮಾಡಿದೆವು. ಮರುದಿನ ಗಿರಣಿಯಲ್ಲಿ ಅವ್ವನೇ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು. ಮುಖ ನೋಡಿದವಳಿಗೆ ಏನೋ ಗೊತ್ತಾಗಿರಬೇಕು.

“ನಿಮ್ಮಪ್ಪ ಹೋಗುವಾಗ ಆಡಿದ ಮಾತು ಅಲ್ಲಿ ಐತೇನು?”

“ಐತಿ.”

“ನಾ ಏನಂದಿದ್ದೆ?”

“ಹೋಗಿ ಬರ್ರಿ ಅಂದಿದ್ದಿ.”

ಗಿರಣಿಯ ಪಟ್ಟಾ ತಿರುಗುತ್ತಿತ್ತು. ಹಿಟ್ಟು ಅವಳ ಹುಬ್ಬಿನ ಮೇಲೆ ಕೂತಿತ್ತು. ನನ್ನ ಕೊಳವೆಯೊಳಗೆ ಆ ಎರಡು ಬಿಳಿ ಹುಬ್ಬು, ಎರಡು ಕಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ.

“ನಾ ಹಂಗ ಅಂದಿದ್ದಕ್ಕs ಅವರನ್ನ ಎಲ್ಲೂ ಒಳಗ ಬಿಡಲಿಲ್ಲೇನು?”

“ನೀ ಒಬ್ಬಾಕೆ ಅಲ್ಲ,” ಅಂದೆ. “ನಾನೂ ಅಂದಿದ್ದೆ. ಬರುವಾಗ ಪೇಡೆ ತಾ ಅಂದಿದ್ದೆ.”

“ಈಗ ಎಲ್ಲಿ ಅದಾರ?”

ನಾನು ಅವಳ ಹುಬ್ಬಿನ ಹಿಟ್ಟು ಒರೆಸಿದೆ. ಹಿಟ್ಟು ಬೀಸಿ ಮುಗಿಯಿತು. ಅವ್ವ ಡಬ್ಬಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅವತ್ತೂ ಅವಳ ಇನ್ನೂರು ರೊಟ್ಟಿ ಆಯಿತು, ಒಂದೂ ಹರಿಯಲಿಲ್ಲ. ಆದರೆ ತಿಂಗಳ ಕೊನೆಗೆ ಜೋಳ ಬಂದಾಗ ಅಪ್ಪನ ಪಾಲನ್ನು ಬೇರೆ ಚೀಲಕ್ಕೆ ಸುರಿಯಲಿಲ್ಲ. ನಮ್ಮದರೊಳಗೇ ಸುರಿದಳು. ಕೈಯ ಬಳೆ ಮಾತ್ರ ತೆಗೆಯಲಿಲ್ಲ. ನಾನು ಅವುಗಳನ್ನು ನೋಡುತ್ತಿರುವುದನ್ನು ಕಂಡು, “ಕಿವಿ ಏನರ ಅನ್ಲಿ, ಇವು ನನ್ನವು,” ಎಂದಷ್ಟೇ ಅಂದಳು. ಕಿವಿಯ ಕೆಳಗೇ, ದನಿ ಇಳಿಸದೆ ಅಂದಳು. ಮಾರನೆಯ ದಿನ ಆ ತುಣುಕು ನನ್ನ ಪಕ್ಕದ ಮೇಜಿಗೆ ಬಂತು. ಹೊರಡುವ ಮಾತಲ್ಲ ಎಂದು ಕೈಬಿಟ್ಟರು.

*

ಮೂರನೆಯ ಸಲದ ಹೊತ್ತಿಗೆ ನನ್ನ ನೋಟ ಹತ್ತೂ ಮುಕ್ಕಾಲು ಡಿಗ್ರಿ. ಈ ಸಲವೂ ತಪ್ಪಿದರೆ ಇನ್ನೊಂದು ನಲವತ್ತೈದು ದಿನ ಕಾಯುವುದರಲ್ಲಿ ಅರ್ಥವಿರಲಿಲ್ಲ. ಅದು ಅವ್ವನಿಗೂ ಗೊತ್ತಿತ್ತು.

ಬೆಳಗಿನ ಬಸ್ಸು ಆರೂವರೆಗೆ. ಓಣಿಗೆ ಇನ್ನೂ ಸರಿಯಾಗಿ ಬಿಸಿಲು ಇಳಿದಿರಲಿಲ್ಲ. ಅವ್ವ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. ಮೂರು ದಿನಕ್ಕಾಗುವಷ್ಟು. ಹೊಸ್ತಿಲಿಗೆ ಬಂದಾಗ ಎದುರು ಕಟ್ಟೆಯ ಮೇಲೆ ಖಾಸಿಂಬಿ ಚಾಚಿ ನಿಂತಿದ್ದಳು. ಅವ್ವ ಅವಳಿಗೆ ಗಿರಣಿಯಲ್ಲಿ ಏನು ಹೇಳಿದ್ದಳೋ, ಎಷ್ಟು ಹೇಳಿದ್ದಳೋ. ಚಾಚಿ ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಎರಡೂ ಕೆನ್ನೆ ಉಬ್ಬಿದ್ದವು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಮೂಗಿನಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು. ಬೇರೆ ದಿನವಾಗಿದ್ದರೆ ನಕ್ಕು ಬಿಡುತ್ತಿದ್ದೆ.

ನಾನು ಮೆಟ್ಟಿಲಿಳಿದೆ. ತಿರುಗಿ ನಿಂತೆ.

ನನ್ನ ನೋಟದಲ್ಲಿ ಈಗ ಒಂದು ಮುಖ ಹಿಡಿಯುವಷ್ಟೇ ಜಾಗ. ಮುಖ ನೋಡಿದರೆ ಕೈ ಕಾಣುವುದಿಲ್ಲ, ಕೈ ನೋಡಿದರೆ ಮುಖ ಕಾಣುವುದಿಲ್ಲ. ಮುಖವನ್ನು ಆರಿಸಿಕೊಂಡೆ. ಹಣೆಯ ವಿಭೂತಿ, ಕುಂಕುಮ, ಒಲೆಯ ಶಾಖಕ್ಕೆ ಕಂದಿದ ಕೆನ್ನೆ. ಅವಳು ತುಟಿ ಕಚ್ಚಿರಲಿಲ್ಲ. ಹಲ್ಲು ಬಿಗಿದಿರಲಿಲ್ಲ. ಕಾಗೆಗೂ ಬೆಕ್ಕಿಗೂ ಅಂದು ಅಂದು ರೂಢಿ ಮಾಡಿಕೊಂಡಿದ್ದ ದನಿ ಅದಾಗಿರಲಿಲ್ಲ. ನನ್ನನ್ನು ಸಾಲೆಗೆ ಕಳಿಸುವಾಗಿನ ದನಿ ಅದು.

“ಹೋಗು, ಕಸ್ತೂರಿ,” ಅಂದಳು.

ಹಸಿರು ದೀಪ ನನಗೆ ಕಾಣುತ್ತಿರಲಿಲ್ಲ, ಅದು ಕೊಳವೆಯ ಹೊರಗಿತ್ತು. ಸ್ವಲ್ಪ ಹೊತ್ತಿಗೆ ಎಡಗೈ ಮಣಿಕಟ್ಟಿನಲ್ಲಿ ಏನೋ ಸಡಿಲವಾಯಿತು. ಬೂದು ಪಟ್ಟಿ ಜಾರಿ ಮೆಟ್ಟಿಲ ಕಲ್ಲಿನ ಮೇಲೆ ಬಿತ್ತು. ಹನ್ನೊಂದು ವರ್ಷ ಬಿಸಿಲು ಕಾಣದ ಚರ್ಮ ಅಲ್ಲಿ ಬೆಳ್ಳಗಿತ್ತು ಎಂದು ಆಮೇಲೆ ಬಸ್ಸಿನಲ್ಲಿ ನೋಡಿಕೊಂಡೆ. ಆಗ ನೋಡಲಿಲ್ಲ. ಆಗ ನೋಡಿದ್ದರೆ ಮುಖ ತಪ್ಪಿಹೋಗುತ್ತಿತ್ತು.

ಒಂಬತ್ತು ವರ್ಷ. ಅವ್ವನಿಗೆ ಈಗ ಐವತ್ತೆಂಟು. ನನ್ನ ಬಾಯಲ್ಲಿ “ಬರತೀನಿ” ತುಂಬಿಕೊಂಡು ಬಂತು. ನನ್ನ ಮಾತು ಲೆಕ್ಕಕ್ಕಿಲ್ಲವೆಂದು ಗೊತ್ತಿದ್ದರೂ ನುಂಗಿದೆ. ಯಾಕೆಂದರೆ ಅವಳು ಅಷ್ಟು ಕಷ್ಟಪಟ್ಟು ನುಂಗಿದ್ದನ್ನು ನಾನು ಹೇಗೆ ಉಗುಳಲಿ.

ಆಗ ಬಳೆ ಸದ್ದು ಮಾಡಿದವು.

ಒಮ್ಮೆ, ಮತ್ತೊಮ್ಮೆ. ಅವ್ವನ ಕೈ ಕೊಳವೆಯ ಕೆಳಗೆ ಎಲ್ಲೋ ಆಡಿತು. ಕಣ್ಣೀರು ಒರೆಸಿಕೊಳ್ಳಲು ಎತ್ತಿದ ಕೈ ಅಲ್ಲ. ಹಾಗಿದ್ದರೆ ಮುಖದ ಹತ್ತಿರ ಬರುತ್ತಿತ್ತು. ಭುಜದ ಮೇಲೆ ಏಳದ ಬಲಗೈಯನ್ನು ಸೊಂಟದ ಹತ್ತಿರವೇ ಇಟ್ಟು, ಬೆರಳು ಮಡಚಿ ಕರೆದಿರಬಹುದು. ಸೀರೆಯ ನೆರಿಗೆ ಸರಿಮಾಡಿಕೊಂಡಿರಬಹುದು. ಕಣ್ಣು ಸ್ವಲ್ಪ ಕೆಳಗಿಳಿಸಿದ್ದರೆ ಗೊತ್ತಾಗುತ್ತಿತ್ತು. ಅವಳ ಮುಖದಿಂದ ಇಳಿಸಲಿಲ್ಲ.

ಬಸ್ಸಿನ ಹಾರ್ನು ಕೇಳಿತು. ಹೊರಟೆ.

ಒಂಬತ್ತು ಗಂಟೆಗೆ ಆ ತುಣುಕು ಆಲಿಕೆ ಕೋಣೆಗೆ ಬರುತ್ತದೆ. ನನ್ನ ಮೇಜಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ‘ಹೋ’ ಗುಂಡಿ ಒತ್ತುತ್ತಾರೆ. ಗಟ್ಟಿಯಾಗಿರುತ್ತದೆ, ಎರಡು ಸಲ ಒತ್ತಬೇಕಾಗಬಹುದು. ಐದೂ ವಿಭಾಗದವರು ಬಂದು ಸುತ್ತ ನಿಂತು ಕೇಳುತ್ತಾರೆ. ಕರಿದಿನ್ನಿಯಲ್ಲಿ ಬದಲಾವಣೆ ಕಂಡಿತೆಂದು ಬರೆದುಕೊಳ್ಳುತ್ತಾರೆ. ಕೊನೆಯಲ್ಲಿ ಉಳಿದ ಎರಡು ಕ್ಷಣದ ಮುಂದೆ, ನಾನು ಸಾವಿರ ಸಲ ಬರೆದದ್ದನ್ನೇ ಬರೆಯುತ್ತಾರೆ:

ಬಳೆ. ಹಿನ್ನೆಲೆ ಸದ್ದು, ಅರ್ಥವಿಲ್ಲ.